ಗಿರಣಿ ತಿರುವಿನ ಕೆಂಪು ಬಾವುಟ

ಓವರ್ಸೀರಣ್ಣನ ಎಡಗಾಲಿನ ಬೂಟಿಗೆ ಒಂದು ಕಿಂಡಿ ಇತ್ತು. ಕಪ್ಪು ಕ್ಯಾನ್ವಾಸ್ ಬೂಟು. ಅದರ ಮುಂಭಾಗವನ್ನು ಬ್ಲೇಡಿನಿಂದ ದುಂಡಗೆ ಕೊಯ್ದು ಹೆಬ್ಬೆರಳು ಹೊರಗೆ ಬರುವ ಹಾಗೆ ಮಾಡಿಕೊಂಡಿದ್ದರು. ಆ ಬೆರಳಿಗೆ ಉಗುರಿರಲಿಲ್ಲ. ಪ್ರಾಯದಲ್ಲಿ ಹೊಸನಗರದ ಕಡೆ ರಸ್ತೆಗೆ ಟಾರು ಹಾಕಿಸುವಾಗ ಕುದಿಯುವ ಟಾರು ಒಂದು ಸೌಟಿನಷ್ಟು ಅದರ ಮೇಲೆ ಬಿದ್ದಿತ್ತಂತೆ. ಆಮೇಲೆ ಆ ಬೆರಳು ಯಾವ ಬೂಟಿಗೂ ಒಗ್ಗಲಿಲ್ಲ. ಕೆಲಸದ ಜಾಗದಲ್ಲಿ ಬೂಟು ಕಡ್ಡಾಯ ಎಂದು ಕಚೇರಿಯವರು ಹೇಳಿದ್ದರಿಂದ ಅವರು ಬೂಟನ್ನೂ ಬಿಡಲಿಲ್ಲ. ಮಳೆಗಾಲದಲ್ಲಿ ಕಿಂಡಿಯಿಂದ ನೀರು ಒಳಗೆ ಹೋಗಿ, ನಡೆದಾಗಲೆಲ್ಲ ಪಿಚಕ್ ಪಿಚಕ್ ಎಂದು ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಓವರ್ಸೀರಣ್ಣ ಬಂದರು ಎಂದು ನಮ್ಮ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಮಕ್ಕಳೇ, ಹೋದ ರಜೆಗೆ ತೀರ್ಥಹಳ್ಳಿಯಿಂದ ಬಂದಾಗ ನೀವಿಬ್ಬರೂ ನನ್ನ ಬಾಗಿಲ ಹಿಂದಿದ್ದ ಕೆಂಪು ಬಾವುಟ ತೆಗೆದು ರೈಲಾಟ ಆಡಿದಿರಿ. ಎಂದೂ ಬೈಯದ ನಾನು ಅವತ್ತು ಬೈದೆ. ದೊಡ್ಡವಳು ಮುಖ ಊದಿಸಿಕೊಂಡು ಊಟ ಬಿಟ್ಟಳು. "ಒಂದು ಹಳೇ ಬಟ್ಟೆ ತುಂಡಿಗೆ ಅಜ್ಜಿ ಇಷ್ಟು ಸಿಟ್ಟು ಮಾಡ್ತಾರೆ" ಎಂದು ಅಮ್ಮನ ಹತ್ತಿರ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ನಾಲ್ಕು ಜನರ ಎದುರು ನನ್ನ ಗಂಟಲು ಕಟ್ಟುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಅಕ್ಷರ ಮಾತ್ರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಅದೊಂದು ಧೈರ್ಯದಿಂದ ಬರೆಯುತ್ತಿದ್ದೇನೆ.

ಓವರ್ಸೀರಣ್ಣ ಸಾಗರದ ನಮ್ಮ ಓಣಿಯಲ್ಲಿ ಎದುರು ಮನೆಯವರು. ಊರಿನ ರಸ್ತೆಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಓವರ್ಸಿಯರ್ ಕೆಲಸ. ಜಲ್ಲಿ ಎಷ್ಟು ಬಂತು, ಟಾರು ಎಷ್ಟು ದಪ್ಪ ಬಿತ್ತು, ರಸ್ತೆಯಡಿ ನೀರು ಹಾಯುವ ಮೋರಿಯ ಗೋಡೆ ನೆಟ್ಟಗಿದೆಯೇ ಎಂದು ಬಿಸಿಲಲ್ಲಿ ನಿಂತು ನೋಡುವವರು. ಅವರ ಒಂದು ಹೆಜ್ಜೆ ಎಂದರೆ ಎರಡೂವರೆ ಅಡಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಮದುವೆ ಮನೆಗೆ ಹೋದರೂ ತುಟಿ ಅಲ್ಲಾಡಿಸುತ್ತಾ ಎಣಿಸಿಕೊಂಡೇ ನಡೆಯುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಬಚ್ಚಲ ನೀರು ಯಾವ ಕಡೆ ಹೋಗುತ್ತದೆ ಎಂದು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆ ಒಂದು ಮಾತು ಯಾವಾಗಲೂ ಹೇಳುತ್ತಿದ್ದರು:

"ನನ್ನ ನೋಡಕ್ಕೆ ಅಂತ ಬಂದವ್ರು ಮೊದ್ಲು ನಮ್ಮಪ್ಪನ ಮನೆ ಅಂಗಳದ ಇಳಿಜಾರು ನೋಡಿದ್ರು ಮಾರಾಯ್ತಿ. ಇಳಿಜಾರು ಒಪ್ಗೆ ಆಯ್ತು. ಆಮೇಲೆ ನಾನು."

"ಇಳಿಜಾರಿನ ವಿಷಯದಲ್ಲಿ ಮೋಸ ಹೋಗ್ಲಿಲ್ಲ ನಾನು" ಎಂದು ಇವರು ಒಳಗಿಂದಲೇ ಉತ್ತರ ಕೊಡುತ್ತಿದ್ದರು.

ನಮ್ಮ ದೊಡ್ಡವಳ ನಾಮಕರಣಕ್ಕೆ ಅವರಿಬ್ಬರೂ ನನ್ನ ಜೊತೆ ತೀರ್ಥಹಳ್ಳಿಗೆ ಬಂದಿದ್ದರು. ಹೊಸನಗರ ದಾಟಿದ ಮೇಲೆ ಅಣ್ಣ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸುತ್ತಾ ಬಂದರು. "ಇದು ನನ್ನ ಮೋರಿ. ಇದು ನಂದಲ್ಲ, ನೋಡಿ, ಬಾಯಿ ಕಟ್ಟಿದೆ. ಇದು ನಂದು." ಇಷ್ಟು ಮಳೆಗೂ ನಿಮ್ಮ ಮೋರಿ ಹೇಗೆ ನಿಂತಿದೆ ಎಂದು ಪಕ್ಕದಲ್ಲಿ ಕೂತವರು ಕೇಳಿದರು. ಓವರ್ಸೀರಣ್ಣ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ನೀರಿಗೆ ದಾರಿ ಹೇಳಿಕೊಡೋಕೆ ಹೋಗ್ಬಾರ್ದು. ಅದು ಹೋಗೂ ದಾರಿ ನೋಡ್ಕೊಂಡು ಅಲ್ಲಿ ಮೋರಿ ಇಡಬೇಕು. ಅಷ್ಟೇ ವಿದ್ಯೆ."

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹುಡುಗಿಯರ ಹಾಸ್ಟೆಲ್ಲಿಗೆ ಅಡುಗೆಗೆ ಸೇರಿದೆ. ಮಗಳ ಮನೆಯಲ್ಲಿ ಕೂತು ಉಣ್ಣಬಾರದು ಎಂದು ಹಟ ಮಾಡಿಯೇ ಸೇರಿದ್ದು. ಹಾಸ್ಟೆಲ್ಲು ಜೋಗದ ರಸ್ತೆಯಲ್ಲಿ, ನಮ್ಮ ಮನೆ ಇಕ್ಕೇರಿ ಕಡೆಯಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ ಮುಕ್ಕಾಲು ಗಂಟೆ ನಡಿಗೆ. ಎಂಟಕ್ಕೆ ಹುಡುಗಿಯರ ತಟ್ಟೆಗೆ ತಿಂಡಿ ಬೀಳಬೇಕು. ದಿನಾ ಆಟೋ ಹತ್ತುವ ಶಕ್ತಿ ನನಗಿರಲಿಲ್ಲ. ಬೆಳಗಿನ ಚಳಿಯಲ್ಲಿ ಮಂಡಿ ಹಿಡಿದುಕೊಂಡು ನಡೆಯುತ್ತಿದ್ದೆ.

ಆಗಲೇ ನಮ್ಮ ರಸ್ತೆ ಅಗಲವಾಯಿತು. ಅಗಲ ಮಾಡಿಸಿದವರು ಓವರ್ಸೀರಣ್ಣನೇ. ಎರಡು ಬದಿಯ ಸಾಲುಮರ ಹೋಯಿತು, ಅಂಚಿನಲ್ಲಿ ನಾವು ನಡೆಯುತ್ತಿದ್ದ ಮಣ್ಣಿನ ದಾರಿ ಹೋಯಿತು, ಚರಂಡಿ ಆಳವಾಯಿತು. ರಸ್ತೆ ಕನ್ನಡಿಯ ಹಾಗಿತ್ತು. ಮೊದಲು ಗುಂಡಿ ನೋಡಿಕೊಂಡು ಬರುತ್ತಿದ್ದ ಲಾರಿಗಳು ಈಗ ಹಾರಿಕೊಂಡು ಬರತೊಡಗಿದವು. ಅದನ್ನು ದಾಟಲು ನಾನು ಎಷ್ಟೋ ಹೊತ್ತು ಕಾಯಬೇಕಾಗುತ್ತಿತ್ತು. ಓವರ್ಸೀರಣ್ಣ ಸಂಜೆ ಅದರ ಅಂಚಿನಲ್ಲಿ ನಿಂತು, ಕೂಸಿನ ಬೆನ್ನು ಸವರಿದ ಹಾಗೆ ಕಾಲಿನಿಂದ ಟಾರು ಸವರುತ್ತಿದ್ದರು. ನಾನು ಏನೂ ಹೇಳುತ್ತಿರಲಿಲ್ಲ. ಅವರ ಸಂತೋಷಕ್ಕೆ ಅಡ್ಡ ಬರುವುದು ಯಾಕೆ ಎಂದು.

ಹೀಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಇನ್ನು ರಸ್ತೆ ಅಗಲ ಮಾಡುವುದು ಸಾಕು, ಎಷ್ಟು ಅಗಲ ಮಾಡಿದರೂ ಗಾಡಿ ತುಂಬುತ್ತದೆ, ಇನ್ನು ಮೇಲೆ ಜನಕ್ಕೆ ಬಸ್ಸು ಕೊಡಬೇಕು ಎಂದು. ಕಚೇರಿಯ ಬೋರ್ಡಿನಲ್ಲಿ 'ರಸ್ತೆ' ಎಂದಿದ್ದುದಕ್ಕೆ ಬಿಳಿ ಬಣ್ಣ ಬಳಿದು 'ಸಾರಿಗೆ' ಎಂದು ಬರೆಸಿದರು. ಬಿಸಿಲು ಬಿದ್ದಾಗ ಹಳೆಯ ಅಕ್ಷರ ಅಡಿಯಿಂದ ಕಾಣುತ್ತಿತ್ತು. ಊರೊಳಗೆ ಓಡಾಡುವ ಸಣ್ಣ ಬಸ್ಸು ಬಿಡುವುದು, ಅದಕ್ಕೆ ತಂಗುದಾಣ ಕಟ್ಟುವುದು ಎಂದಾಯಿತು. ತಂಗುದಾಣ ಎಲ್ಲೆಲ್ಲಿ ಎಂದು ಗೊತ್ತುಮಾಡುವ ಕೆಲಸ ಓವರ್ಸೀರಣ್ಣನ ತಲೆಗೆ ಬಂತು.

ಅವರಿಗೆ ಹಿಡಿಸಲಿಲ್ಲ. "ಬಸ್ಸು ಅಂದ್ರೆ ನಮ್ಮ ಲೆಕ್ಕದಲ್ಲಿ ರಸ್ತೆ ಹಾಳು ಮಾಡೂ ಸಾಮಾನು. ಹೆಂಚು ಹೊದಿಸಿದವನ ಕೈಗೆ ಮಂಗ ಕೊಟ್ಟು ಸಾಕು ಅಂದ ಹಾಗಾಯ್ತು" ಎಂದು ಒಂದು ವಾರ ಗೊಣಗಿದರು. ನನಗೆ ಮಾತ್ರ ಒಳಗೊಳಗೇ ಹಿಗ್ಗು. ಬಸ್ಸು ಬಂದರೆ ಹಾಸ್ಟೆಲ್ಲಿಗೆ ಇಪ್ಪತ್ತು ನಿಮಿಷ. ನನ್ನ ಮಂಡಿ ಇನ್ನೂ ಹತ್ತು ವರ್ಷ ದುಡಿಯುತ್ತದೆ ಎಂದುಕೊಂಡೆ.

ಗೊಣಗಿದರೂ ಕೈಗೆ ಬಂದ ಕೆಲಸವನ್ನು ಅವರು ಸಡಿಲ ಮಾಡುವವರಲ್ಲ. ಟೇಪು ಹಿಡಿದು ಊರೆಲ್ಲ ಅಳೆದರು. ಮಕ್ಕಳೇ, ತಪ್ಪಾಗಿದ್ದು ಇಲ್ಲೇ. ನಮ್ಮ ಕಡೆಯ ಆರೇಳು ಓಣಿಗಳು ರಸ್ತೆಗೆ ಬಂದು ಸೇರುವುದು ಹಿಟ್ಟಿನ ಗಿರಣಿಯ ಹತ್ತಿರ. ಅಲ್ಲಿ ರಸ್ತೆ ತಿರುಗುತ್ತದೆ, ಅದಕ್ಕೆ ಗಿರಣಿ ತಿರುವು ಎನ್ನುತ್ತೇವೆ. ನಾವು ಲಾರಿ, ಟೆಂಪೋ, ಮದುವೆ ದಿಬ್ಬಣ ಯಾವುದಕ್ಕೆ ಕಾಯುವುದಿದ್ದರೂ ಗಿರಣಿಯ ಜಗುಲಿಯ ಮೇಲೆಯೇ. ಓವರ್ಸೀರಣ್ಣ ರಸ್ತೆಯವರು. ತಿರುವಿನಲ್ಲಿ ಬಸ್ಸು ನಿಲ್ಲಬಾರದು, ನೆಟ್ಟಗಿರುವ ಮಟ್ಟಸದ ಜಾಗದಲ್ಲಿ ನಿಲ್ಲಬೇಕು ಎಂಬುದು ಅವರ ಪುಸ್ತಕದ ನಿಯಮ. ಅದಕ್ಕೆ ತಿರುವಿನಿಂದ ಇಕ್ಕೇರಿ ಕಡೆಗೆ ಐನೂರು ಹೆಜ್ಜೆ ಹಿಂದೆ ಹೋಗಿ, ಒಂದು ಮನೆಯೂ ಇಲ್ಲದ, ಒಂದು ದೀಪವೂ ಇಲ್ಲದ ಜಾಗದಲ್ಲಿ, ಬಹಳ ಚೆಂದದ ತಂಗುದಾಣ ಕಟ್ಟಿಸಿದರು.

ಅಂದರೆ ಪೇಟೆಗೆ ಹೋಗಬೇಕಾದವರು ಪೇಟೆಗೆ ಬೆನ್ನು ಹಾಕಿ ನಡೆಯಬೇಕು. ನಮ್ಮ ಓಣಿಯ ಕೊನೆಮನೆಯ ಹೆಂಗಸು ಆಸ್ಪತ್ರೆಯಲ್ಲಿ ಆಯಾ. ಅವಳ ನಾಲಿಗೆ ಚೂಪು. "ಇನ್ನೂ ಸ್ವಲ್ಪ ಹಿಂದೆ ಕಟ್ಸಿದ್ರೆ ಇಕ್ಕೇರಿ ದೇವಸ್ಥಾನಕ್ಕೇ ಹೋಗಿ ಕೈಮುಗ್ದು ಬಸ್ ಹತ್ತಬಹುದಿತ್ತು. ಪುಣ್ಯನಾದ್ರೂ ಬರ್ತಿತ್ತು" ಎಂದಳು.

ಮೊದಲ ಕೆಲವು ದಿನ ಡ್ರೈವರು ನಮ್ಮನ್ನು ಕಂಡು ಗಿರಣಿ ತಿರುವಿನಲ್ಲೇ ನಿಲ್ಲಿಸುತ್ತಿದ್ದ. ಆಮೇಲೆ ಕಚೇರಿಯಿಂದ ತಾಕೀತು ಬಂತು: ತಂಗುದಾಣ ಬಿಟ್ಟು ಬೇರೆಲ್ಲೂ ನಿಲ್ಲಿಸಕೂಡದು. ಮಾರನೆಯ ದಿನ ನಾವು ಕೈ ಅಡ್ಡ ಹಿಡಿದರೂ ಬಸ್ಸು ನಮ್ಮ ಸೆರಗಿಗೆ ಗಾಳಿ ಬೀಸಿಕೊಂಡು ಹೋಯಿತು. ಸಂಜೆ ಆಯಾ ಜಗಳಕ್ಕೆ ನಿಂತರೆ ಡ್ರೈವರು, "ನಾನೆಂತ ಮಾಡ್ಲಿ ಅಕ್ಕ? ನಿಮಗೆ ಹೆಂಗೂ ಟಿಕೆಟ್ ಫ್ರೀ ಅಲ್ವಾ, ನಾಲ್ಕು ಹೆಜ್ಜೆ ನಡೀರಿ" ಎಂದ. ಫ್ರೀ ಎಂಬ ಮಾತಿಗೆ ಬಸ್ಸಿನೊಳಗೆ ಯಾರೋ ನಕ್ಕರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನಾಲ್ಕು ಹೆಜ್ಜೆಯನ್ನೂ ನಡೆದೆ. ಬೆಳಗಿನ ಮಬ್ಬಿನಲ್ಲಿ ಚರಂಡಿಯ ಪಕ್ಕದಲ್ಲಿ, ನಾಯಿಗಳನ್ನು ಗದರಿಸಿಕೊಂಡು ನಡೆದೆ. ಒಂದು ದಿನ ಚರಂಡಿಗೇ ಬಿದ್ದೆ. ಮೊಣಕೈ ತರಚಿ, ಸೀರೆಯೆಲ್ಲ ಕೆಸರಾಗಿ ಮನೆಗೆ ವಾಪಸು ಬಂದು ಬದಲಿಸಿಕೊಂಡು ಹೋಗುವಾಗ ಎಂಟೂವರೆ. ಹುಡುಗಿಯರು ಬ್ರೆಡ್ಡು ತಿಂದು ಹೋಗಿದ್ದರು. ವಾರ್ಡನ್ ಕೆಟ್ಟವರಲ್ಲ. ಆದರೂ ಹೇಳಿದರು: "ನೋಡಿ, ಈ ತಿಂಗ್ಳಲ್ಲಿ ಇದು ನಾಲ್ಕನೇ ಸಲ. ಇನ್ನೊಂದು ಸಲ ಆದ್ರೆ ನಾನು ಬೇರೆಯವ್ರನ್ನ ನೋಡ್ಕೊಳ್ಬೇಕಾಗುತ್ತೆ. ಬೇಜಾರು ಮಾಡ್ಕೊಬೇಡಿ."

ಎದುರು ಮನೆಯಲ್ಲೇ ಓವರ್ಸೀರಣ್ಣ. ಆದರೂ ನಾನು ಹೋಗಿ ಹೇಳಲಿಲ್ಲ. ಮರುದಿನ ಬಸ್ಸು ತಪ್ಪಿ, ಆಟೋ ಸಿಕ್ಕೀತೇ ಎಂದು ಓಣಿಯಲ್ಲಿ ನಿಂತಿದ್ದಾಗ ಅವರೇ ಕೇಳಿದರು.

"ಎಂತ, ಹೋಗ್ಲಿಲ್ವಾ?"

"ಬಸ್ ಹೋಯ್ತು ಅಣ್ಣ."

"ತಂಗುದಾಣದಲ್ಲಿ ನಿಂತಿದ್ರಾ, ಗಿರಣಿ ಹತ್ರ ನಿಂತಿದ್ರಾ?"

ನಾನು ಗಿರಣಿ ಕಡೆಗೇ ಕೈ ತೋರಿಸಿದೆ. ಅವರು ಅಲ್ಲೇ ಪಾಠ ಶುರುಮಾಡಿದರು. "ಆ ತಿರುವಲ್ಲಿ ಬಸ್ ನಿಂತ್ರೆ ಹಿಂದೆ ಬರೂ ಲಾರಿಗೆ ಕಾಣಲ್ಲ ಮಾರಾಯ್ತಿ. ಬಂದು ಗುದ್ದುತ್ತೆ. ನಿಮ್ಮ ಜೀವಕ್ಕೇ ಅಂತ ನಾನು ಅಲ್ಲಿ ಕಟ್ಸಿದ್ದು. ಜನಕ್ಕೆ ನಡೆಯೂ ಸೋಮಾರಿತನ."

ಸೋಮಾರಿತನ ಎಂಬ ಮಾತು ನನ್ನ ಎದೆಗೆ ನಾಟಿತು. ನಾನು ಜೀವಮಾನದಲ್ಲಿ ಗಂಡಸರಿಗೆ ಎದುರು ಹೇಳಿದ್ದು ಬಹಳ ಕಡಿಮೆ. ಅವತ್ತು ನೆಲ ನೋಡುತ್ತಾ ಒಂದೇ ಮಾತು ಹೇಳಿದೆ: "ನಾಳೆ ಬೆಳಿಗ್ಗೆ ನನ್ನ ಜೊತೆ ಅಲ್ಲಿವರೆಗೆ ಬನ್ನಿ ಅಣ್ಣ."

ಬಂದರು. ಆರೂವರೆಗೆ ಮೊದಲೇ ಬೂಟು ಹಾಕಿಕೊಂಡು ನಿಂತಿದ್ದರು. ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ತುಟಿಯಲ್ಲೇ ಎಣಿಸುತ್ತಾ ಬಂದರು. ಚರಂಡಿಯ ಮೇಲೆ ಕಲ್ಲು ಇಲ್ಲದ ಕಡೆ ನಾನು ರಸ್ತೆಗೆ ಇಳಿಯಬೇಕಾಯಿತು. ಒಂದು ಲಾರಿ ಹಾರನ್ ಹೊಡೆದು ನಮ್ಮ ಪಕ್ಕದಲ್ಲೇ ಹೋಯಿತು. ಅವರು ನನಗಿಂತ ಮೊದಲು ಹೌಹಾರಿದರು. ತಂಗುದಾಣ ಇನ್ನು ನಲವತ್ತು ಹೆಜ್ಜೆ ಇದೆ ಎನ್ನುವಾಗ ಬಸ್ಸು ಎದುರಿನಿಂದ ಬಂತು, ಖಾಲಿ ತಂಗುದಾಣ ನೋಡಿತು, ನಿಲ್ಲದೆ ನಮ್ಮನ್ನು ದಾಟಿ ಪೇಟೆಗೆ ಹೋಯಿತು.

ಓವರ್ಸೀರಣ್ಣ ಆದರೂ ನಡೆದರು. ಹೋಗಿ ತಾನು ಕಟ್ಟಿಸಿದ ಕಲ್ಲುಬೆಂಚಿನ ಮೇಲೆ ಮೊದಲ ಸಲ ಕೂತರು. ಆ ತಂಗುದಾಣದ ಒಂದು ಬದಿಗೆ, ಉದ್ಘಾಟನೆ ಮಾಡಿದವರ ದೊಡ್ಡ ಫೋಟೋ ಇರುವ ತಗಡಿನ ಬೋರ್ಡು ಅಡ್ಡ ನಿಲ್ಲಿಸಿದ್ದರು. ಬಸ್ಸು ಬರುವುದು ಆ ಬದಿಯಿಂದಲೇ. ಕೂತವರಿಗೆ ಬಸ್ಸು ಕಾಣುವುದಿಲ್ಲ, ಬಸ್ಸಿನವರಿಗೆ ಕೂತವರು ಕಾಣುವುದಿಲ್ಲ. ಅವರು ಆ ಕಡೆ ಬಗ್ಗಿ ನೋಡಿದರು, ಈ ಕಡೆ ಬಗ್ಗಿ ನೋಡಿದರು. ಆಮೇಲೆ ಹೇಳಿದರು:

"ನನ್ನ ಹೆಜ್ಜೆಯಲ್ಲಿ ಐನೂರು. ನಿಮ್ಮದರಲ್ಲಿ ಏಳ್ನೂರ ಎಂಬತ್ತಾಯ್ತು."

ಬೋರ್ಡಿನ ತಗಡನ್ನು ಬೆರಳಿಂದ ತಟ್ಟಿ, "ನೀರು ಹೋಗೂ ಕಡೆ ಮೋರಿ ಇಟ್ಟೆ ಜೀವಮಾನ ಪೂರ್ತಿ. ಜನಕ್ಕೆ ಮಾತ್ರ, ನಾನು ಇಟ್ಟ ಕಡೆ ಬನ್ನಿ ಅಂದೆ ನೋಡಿ."

ಅವತ್ತು ನನ್ನನ್ನು ಅವರೇ ಸ್ಕೂಟರಿನಲ್ಲಿ ಹಾಸ್ಟೆಲ್ಲಿಗೆ ಬಿಟ್ಟುಬಂದರು. ಸೋಮಾರಿತನ ಎಂಬ ಮಾತಿಗೆ ಕ್ಷಮೆ ಕೇಳಲಿಲ್ಲ. ಅದನ್ನು ಇನ್ನೆಂದೂ ಆಡಲೂ ಇಲ್ಲ.

ತಪ್ಪು ಗೊತ್ತಾಯಿತು, ಇನ್ನು ಸರಿಯಾಗುತ್ತದೆ ಎಂದು ನಾನು ತಿಳಿದೆ. ಅಷ್ಟು ಸುಲಭವಿರಲಿಲ್ಲ. ತಿರುವಿಗೆ ಹತ್ತಿರ, ಗಿರಣಿಯ ಪಕ್ಕದ ಖಾಲಿ ಜಾಗದಲ್ಲಿ ಬಸ್ಸು ರಸ್ತೆಯಿಂದ ಒಳಗೆ ಸರಿದು ನಿಲ್ಲುವ ಹಾಗೆ ಮಾಡಬಹುದು ಎಂದು ಓವರ್ಸೀರಣ್ಣ ನಕ್ಷೆ ಬರೆದು ಕೊಟ್ಟರು. ಕಚೇರಿಯಲ್ಲಿ ಹೊಸ ಸಾಹೇಬರು, ವಯಸ್ಸಿನಲ್ಲಿ ಇವರ ಮಗನಷ್ಟು. ಕಟ್ಟಿ ವರ್ಷವಾಗದ ತಂಗುದಾಣ ಬದಲಿಸಲು ಬರುವುದಿಲ್ಲ ಎಂದರಂತೆ. ಇವರು ಮತ್ತೆ ಬರೆದರು. ಮೂರನೆಯ ಸಲ ಒಂದು ಉತ್ತರ ಬಂತು. ಅದನ್ನು ನಮ್ಮ ಜಗುಲಿಯಲ್ಲಿ ನಿಂತು ಓದಿ ಹೇಳಿದರು: ಸಿಬ್ಬಂದಿ ಸ್ಥಳಕ್ಕೆ ಹೋಗಿ ನೋಡಿದ್ದಾರೆ, ಗಿರಣಿ ತಿರುವಿನಲ್ಲಿ ಬಸ್ಸಿಗೆ ಯಾರೂ ಕಾಯುತ್ತಿಲ್ಲ, ಆದ್ದರಿಂದ ಅಲ್ಲಿ ನಿಲುಗಡೆಯ ಅಗತ್ಯ ಕಂಡುಬಂದಿಲ್ಲ.

"ಬಸ್ ನಿಲ್ಲಲ್ಲ ಅಂತ ಜನ ನಿಲ್ಲಲ್ಲ. ಜನ ನಿಲ್ಲಲ್ಲ ಅಂತ ಬಸ್ ನಿಲ್ಲಲ್ಲ" ಎಂದರು. ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ಬೋರ್ಡಿಗೆ ಬಣ್ಣ ಹೊಡೆದ್ರೆ ಕಚೇರಿ ಬದಲಾಗಲ್ಲ ತಂಗಿ. ಅಲ್ಲಿರೋರೆಲ್ಲ ನನ್ನಂಥೋರೆ. ಈಗ್ಲೂ ರಸ್ತೇನೇ ಅಳೀತಾ ಕೂತಿದ್ದಾರೆ."

ಅಷ್ಟರಲ್ಲಿ ಇನ್ನೊಂದು ಸುದ್ದಿ. ನಮ್ಮ ಕಡೆಯ ಬಸ್ಸಿಗೆ ಜನವೇ ಇಲ್ಲ, ಅದನ್ನು ನಿಲ್ಲಿಸಿಬಿಡಬೇಕು ಎಂಬ ಮಾತು ಕಚೇರಿಯಲ್ಲಿ ನಡೆದಿತ್ತು. ಬಸ್ಸು ಬಳಸುವವರ ಅಭಿಪ್ರಾಯ ಕೇಳಲು ಒಂದು ಸಭೆ ಕರೆದರು. ಓವರ್ಸೀರಣ್ಣ ನಮ್ಮ ಮನೆಗೆ ಬಂದರು. "ನನ್ನ ಮಾತು ಅಲ್ಲಿ ನಡೆಯಲ್ಲ. ಬಸ್ ಹತ್ತೋರು ಬಂದು ಹೇಳ್ಬೇಕು. ಜಾಸ್ತಿ ಬೇಡ. ಕಲ್ಲಿಲ್ಲದ ಚರಂಡಿ, ಕಾಣದ ಬೆಂಚು, ನೀವು ಬಿದ್ದಿದ್ದು. ಮೂರು ಮಾತು." ಆಯಾಳಿಗೆ ಅವತ್ತು ಡ್ಯೂಟಿ. ಅವಳಾಗಿದ್ದರೆ ಮೂರಲ್ಲ, ಮುನ್ನೂರು ಮಾತು ಹೇಳುತ್ತಿದ್ದಳು. ನಾನು ಹೋದೆ.

ಆ ಸಭೆಯನ್ನು ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ಓವರ್ಸೀರಣ್ಣ ಎದ್ದು ವಿಷಯ ಹೇಳಿದರು. ಸಾಹೇಬರು ನಕ್ಷೆ ಬಿಡಿಸಿ, "ಸಾರ್, ಇಲ್ಲಿರೋದು ನಿಮ್ಮದೇ ಸಹಿ ಅಲ್ವಾ?" ಎಂದರು.

"ಹೌದು. ಸಹಿ ನಂದೇ. ತಪ್ಪೂ ನಂದೇ."

"ನಿಮ್ಮ ತಪ್ಪು ಅಂತ ನೀವು ಹೇಳಿದ್ರೆ ಆಗಲ್ಲ ಸಾರ್. ತೊಂದರೆ ಆದವ್ರು ಯಾರಾದ್ರೂ ಇದ್ರೆ ಹೇಳ್ಲಿ."

ಓವರ್ಸೀರಣ್ಣ ತಿರುಗಿ ನನ್ನನ್ನು ನೋಡಿದರು. ಸಭೆಯೂ ನೋಡಿತು. ಯಾರೋ ಮೈಕನ್ನು ನನ್ನ ಕಡೆ ತಿರುಗಿಸಿದರು. ನಾನು ಎದ್ದೆ. ಮನೆಯಲ್ಲಿ ಒಲೆಯ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದೆ, ಚರಂಡಿ, ಬೆಂಚು, ಬಿದ್ದದ್ದು ಎಂದು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ. ಗಂಟಲಲ್ಲಿ ಉಸಿರೇ ಬರಲಿಲ್ಲ. ಅವರು ಕಾದರು. ಸಾಹೇಬರೂ ಕಾದರು, ಅವರನ್ನು ದೂರುವ ಹಾಗಿಲ್ಲ. ನಾನು ಕೂತುಬಿಟ್ಟೆ. ಸಾಹೇಬರು ಮುಂದಿನ ವಿಷಯ ಎಂದರು.

ದಾರಿಯುದ್ದಕ್ಕೂ ನನಗೆ ಅಳು. ಓವರ್ಸೀರಣ್ಣನ ಬೂಟಿನ ಸದ್ದು ಮಾತ್ರ ಪಕ್ಕದಲ್ಲಿ ಬರುತ್ತಿತ್ತು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಓಣಿಯ ಬಾಯಿಗೆ ಬಂದ ಮೇಲೆ, "ಆ ಮೈಕಿನ ಕಂಬ ನಿಮಗಿಂತ ಒಂದಡಿ ಎತ್ತರ ಇತ್ತು. ಅದನ್ನ ಇಟ್ಟವನೂ ನನ್ನಂಥವನೇ ಇರಬೇಕು" ಎಂದರು. ಅಷ್ಟೇ.

ಆ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಶಾಲು ಹೊದಿಸಿ ಹಾರ ಹಾಕಿದರಂತೆ. ಏನಾದರೂ ಕೇಳಿ ಎಂದಾಗ, ಸ್ಟೋರಿನಿಂದ ಒಂದು ಕೆಂಪು ಬಾವುಟ ಕೊಡಿ ಎಂದರಂತೆ. ರಸ್ತೆ ಕೆಲಸ ನಡೆಯುವಾಗ ಗಾಡಿ ನಿಲ್ಲಿಸಲು ಹಿಡಿಯುತ್ತಾರಲ್ಲ, ಆ ಬಾವುಟ. ನೆನಪಿಗೆ ಇಟ್ಟುಕೊಳ್ಳುತ್ತಾರೆ ಎಂದು ಎಲ್ಲರೂ ತಿಳಿದರು.

ಮಾರನೆಯ ಬೆಳಿಗ್ಗೆ ನಾನು ತಂಗುದಾಣದ ಕಡೆ ಹೊರಟಿದ್ದೆ. ಗಿರಣಿ ತಿರುವಿನಿಂದ ಮೂವತ್ತು ಹೆಜ್ಜೆ ಆಚೆ ಓವರ್ಸೀರಣ್ಣ ಬಾವುಟ ಹಿಡಿದು ನಿಂತಿದ್ದರು. "ನೀವು ಗಿರಣಿ ಹತ್ರ ನಿಂತ್ಕೊಳ್ಳಿ" ಎಂದರು. ಬಸ್ಸು ಬಂತು. ಕೆಂಪು ಬಾವುಟ ಕಂಡ ಮೇಲೆ ಯಾವ ಡ್ರೈವರೂ ಹೋಗುವ ಹಾಗಿಲ್ಲ. ಬ್ರೇಕು ಹಾಕಿ ತಲೆ ಹೊರಗೆ ಹಾಕಿದ.

"ಎಂತ ಕೆಲ್ಸ ಸಾರ್ ಇಲ್ಲಿ?"

"ಮೋರಿ ನೋಡ್ತಿದ್ದೀನಿ."

"ಎಷ್ಟು ಹೊತ್ತು?"

"ನೀನು ಗಿರಣಿ ಹತ್ರ ಬಾಗ್ಲು ತೆಗ್ದು ಮುಚ್ಚೋಷ್ಟು ಹೊತ್ತು. ಮೆಲ್ಲ ಮುಂದೆ ಹೋಗಿ ನಿಲ್ಸು. ಹಿಂದಿನೋರನ್ನ ನಾನು ನೋಡ್ಕೊಳ್ತೀನಿ."

ಬಸ್ಸು ಮುಂದೆ ಬಂದು ನಮ್ಮೆದುರು ನಿಂತಿತು. ಹಿಂದೆ ಇಳಿದುಬರುತ್ತಿದ್ದ ಜಲ್ಲಿ ಲಾರಿಗೆ ಅವರು ಬಾವುಟ ಅಡ್ಡ ಹಿಡಿದರು. ಅದೂ ನಿಂತಿತು. ನಾನು, ಆಯಾ, ಇನ್ನಿಬ್ಬರು ಹತ್ತಿದೆವು. ಆಗ ನನಗೆ ಒಂದು ವಿಷಯ ತಿಳಿಯಿತು. ತಿರುವು ಅಪಾಯ ಎಂದು ಅವರು ಹೇಳಿದ್ದು ಸುಳ್ಳಲ್ಲ. ಅದನ್ನು ಅವರು ಮರೆತೂ ಇರಲಿಲ್ಲ. ಪುಸ್ತಕದ ನಿಯಮವನ್ನು ನಮಗೆ ಹೊರಿಸುವ ಬದಲು ಈಗ ತಾನೇ ಹೊತ್ತು ನಿಂತಿದ್ದರು.

ಅಂದಿನಿಂದ ಭಾನುವಾರ ಬಿಟ್ಟು ಪ್ರತಿದಿನ ಆರೂ ನಲವತ್ತಕ್ಕೆ ಅದೇ ಜಾಗದಲ್ಲಿ ಅವರು. ನಾಲ್ಕು ಜನ ಹತ್ತಾದೆವು, ಹದಿನೈದಾದೆವು. ಬಸ್ಸನ್ನೇ ರದ್ದು ಮಾಡುವ ಮಾತು ಕಚೇರಿಯಲ್ಲಿ ತಣ್ಣಗಾಯಿತು. ನಾನು ಒಂದು ದಿನವೂ ಹಾಸ್ಟೆಲ್ಲಿಗೆ ತಡವಾಗಲಿಲ್ಲ. "ಮೋರಿ ಇನ್ನೂ ರಿಪೇರಿ ಆಗ್ಲಿಲ್ವಾ ಸಾರ್?" ಎಂದು ಡ್ರೈವರು ದಿನಾ ಕೇಳುವುದು, "ದೊಡ್ಡ ಮೋರಿ ಮಾರಾಯ, ಟೈಮ್ ಹಿಡಿಯತ್ತೆ" ಎಂದು ಇವರು ದಿನಾ ಹೇಳುವುದು. ಕಚೇರಿಯಿಂದ ಒಂದು ನೋಟೀಸೂ ಬಂತು, ನಿವೃತ್ತ ನೌಕರರು ಸಂಚಾರಕ್ಕೆ ಅಡ್ಡಿ ಮಾಡುತ್ತಿದ್ದಾರೆ ಎಂದು. ಅದನ್ನೂ ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಎರಡು ಮಳೆಗಾಲ ಹೀಗೆ ನಡೆಯಿತು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಿರಲಿಲ್ಲ. ಆ ಹೆಬ್ಬೆರಳಿಗೆ ಏನೋ ಚುಚ್ಚಿ ಗಾಯವಾಗಿತ್ತು. ದಿನಾ ಬೂಟಿನೊಳಗೆ ನೀರು. ಯಾರಿಗೂ ತೋರಿಸಲಿಲ್ಲ. ನೋವು ತಿಳಿಯುವ ಬೆರಳೂ ಅದಲ್ಲ. ಒಂದು ಬೆಳಿಗ್ಗೆ ತಿರುವಿನಲ್ಲಿ ಅವರಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ನಾನು ನೋಡಲು ಹೋದಾಗ ಜ್ವರದಲ್ಲಿದ್ದರು. ಕಣ್ಣು ಬಿಟ್ಟು, "ಎಷ್ಟು ಗಂಟೆಗೆ ಬಂದ್ರಿ?" ಎಂದರು. ಒಂಬತ್ತೂವರೆಯ ಬಸ್ಸಿಗೆ ಬಂದೆ ಎಂದೆ. "ಅಲ್ಲ, ಆರೂ ನಲವತ್ತರದ್ದು" ಎಂದರು. ಅದು ನಿಲ್ಲುತ್ತಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿಲ್ಲುತ್ತಿದೆ ಎಂದು ಸುಳ್ಳು ಹೇಳಲೂ ಬರಲಿಲ್ಲ. ಹೊದಿಕೆ ಎಳೆದು ಸರಿಮಾಡಿದೆ. ವಾರದೊಳಗೆ ಹೋಗಿಬಿಟ್ಟರು.

ಕರ್ಮವೆಲ್ಲ ಮುಗಿದ ಮೇಲೆ ಅತ್ತಿಗೆ ಬಾವುಟ ಹಿಡಿದು ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ಇಪ್ಪತ್ತು ಸಲ ಹೇಳಿದ್ದೆ, ಮಳೇಲಿ ಹೋಗ್ಬೇಡಿ ಅಂತ. ಇದು ಮನೇಲಿ ಕಂಡ್ರೆ ನಂಗೆ ಆಗಲ್ಲ. ತಗೊಳ್ಳಿ" ಎಂದು ಕೈಗಿಟ್ಟು ಹೋದರು. ಸುಮಾರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವರದ್ದು ತಪ್ಪಲ್ಲ.

ಮರುದಿನ ಬೆಳಿಗ್ಗೆ ಗಿರಣಿಯ ಜಗುಲಿಯಲ್ಲಿ ಹತ್ತು ಹನ್ನೆರಡು ಹೆಂಗಸರು. ಯಾರು ಹಿಡಿಯುವುದು ಎಂದು ಒಬ್ಬರ ಮುಖ ಒಬ್ಬರು ನೋಡಿದರು. "ಕೊಡಿ ಇಲ್ಲಿ, ನಾನು ಹಿಡೀತೀನಿ" ಎಂದು ಆಯಾ ಕೈ ಚಾಚಿದಳು. ನಾನು ಕೊಡಲಿಲ್ಲ. ಯಾಕೆ ಎಂದು ಅವಳಿಗೆ ಹ್ಯಾಗೆ ಹೇಳಲಿ? ಮೂವತ್ತು ಹೆಜ್ಜೆ, ನನ್ನ ಹೆಜ್ಜೆಯಲ್ಲಿ ನಲವತ್ತೇಳು, ಎಣಿಸಿಕೊಂಡು ನಡೆದೆ. ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಕೈ ಎತ್ತುವುದಕ್ಕೆ ಗಂಟಲು ಬೇಡ. ಎತ್ತಿದೆ.

ಬಸ್ಸು ನಿಂತಿತು. ಡ್ರೈವರು ಎಂದಿನ ಹಾಗೆ ಮೋರಿಯ ಮಾತು ಕೇಳಲಿಲ್ಲ. ಮೆಲ್ಲಗೆ ಮುಂದೆ ಹೋಗಿ ಬಾಗಿಲು ತೆಗೆದ. ಹಿಂದಿನಿಂದ ಬಂದ ಲಾರಿಗೆ ನಾನು ಬಾವುಟ ಅಡ್ಡ ಹಿಡಿದೆ. ನನ್ನ ಕೈ ನಡುಗುತ್ತಿತ್ತು, ಬಾವುಟವೂ ನಡುಗುತ್ತಿತ್ತು, ಲಾರಿಯವನಿಗೆ ಅದು ಬೀಸಿದ ಹಾಗೆ ಕಂಡಿರಬೇಕು. ಅದೂ ನಿಂತಿತು. ಎಲ್ಲರೂ ಹತ್ತಿದ ಮೇಲೆ ನನಗೆ ಹೊಳೆಯಿತು, ನಾನೂ ಆ ಬಸ್ಸಿಗೇ ಹೋಗಬೇಕಾದವಳು. ಓವರ್ಸೀರಣ್ಣನಿಗೆ ಈ ಕಷ್ಟ ಇರಲಿಲ್ಲ. ಮಂಡಿ ಹಿಡಿದುಕೊಂಡು ಓಡಿದೆ. ಡ್ರೈವರು ಕಾಯುತ್ತಿದ್ದ. "ಮೆಲ್ಲ ಬನ್ನಿ ಓವರ್ಸೀರಮ್ಮ, ಬಸ್ ಎಲ್ಲಿಗೂ ಹೋಗಲ್ಲ" ಎಂದ. ಆ ಹೆಸರೇ ಈಗ ನನಗೆ ನಿಂತುಬಿಟ್ಟಿದೆ.

ಕೊನೆಗೆ ನಾನೇ ಕಚೇರಿಗೆ ಒಂದು ಅರ್ಜಿ ಬರೆದೆ. ಜೀವನದ ಮೊದಲ ಅರ್ಜಿ. ಸಭೆಯಲ್ಲಿ ಹೇಳದೆ ನುಂಗಿದ ಮೂರು ಮಾತನ್ನೂ ಬರೆದೆ, ಅಣ್ಣ ನನ್ನ ಹತ್ತಿರ ಬಿಟ್ಟಿದ್ದ ನಕ್ಷೆಯ ಪ್ರತಿಯನ್ನೂ ಲಗತ್ತಿಸಿದೆ. ನಿಮ್ಮ ಅಮ್ಮನೂ ನೋಡಿ ಚೆನ್ನಾಗಿದೆ ಎಂದಳು. ಎಷ್ಟೋ ತಿಂಗಳಿಗೆ ಉತ್ತರ ಬಂತು. ಸಿಬ್ಬಂದಿ ಸ್ಥಳಕ್ಕೆ ಹೋಗಿ ನೋಡಿದ್ದಾರೆ, ಗಿರಣಿ ತಿರುವಿನಲ್ಲಿ ಬಸ್ಸು ಈಗಾಗಲೇ ನಿಲ್ಲುತ್ತಿದೆ, ಆದ್ದರಿಂದ ಅಲ್ಲಿ ಪ್ರತ್ಯೇಕ ನಿಲುಗಡೆಯ ಅಗತ್ಯ ಕಂಡುಬಂದಿಲ್ಲ.

ಓದಿ ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ಅಕ್ಕಿ ಡಬ್ಬದ ಅಡಿಗೆ ಇಟ್ಟೆ. ಮಡಿಸುವಾಗಲೇ ಗೊತ್ತಾಯಿತು, ಅದು ಯಾರಿಂದ ಕಲಿತದ್ದು ಎಂದು. ಅವರ ತಂಗುದಾಣ ಈಗಲೂ ಅಲ್ಲೇ ಇದೆ. ಫೋಟೋದ ಬೋರ್ಡಿನ ನೆರಳಲ್ಲಿ ದನ ಮಲಗುತ್ತವೆ. ನಿನ್ನೆ ಇನ್ನೊಂದು ಅರ್ಜಿ ಬರೆದಿದ್ದೇನೆ.

ನೀವು ತೀರ್ಥಹಳ್ಳಿಯಿಂದ ಬರುವಾಗ ಹೊಸನಗರಕ್ಕೆ ಮೊದಲು ಮೋರಿಗಳನ್ನು ನೋಡಿಕೊಂಡು ಬನ್ನಿ. ಬಾಯಿ ಕಟ್ಟದೆ ನೀರು ಸರಾಗವಾಗಿ ಹೋಗುತ್ತಿರುವುದೆಲ್ಲ ಅವರದ್ದು ಎಂದು ತಿಳಿಯಿರಿ, ತಪ್ಪಾದರೂ ತೊಂದರೆಯಿಲ್ಲ. ಇಲ್ಲಿಗೆ ಬಂದ ಮೇಲೆ ಬಾವುಟದಲ್ಲಿ ಆಡಬೇಡಿ ಎನ್ನುವುದಿಲ್ಲ. ಸಂಜೆ ಆಡಿ. ಆಡಿ ಮುಗಿದ ಮೇಲೆ ಬಟ್ಟೆಯನ್ನು ಕೋಲಿಗೆ ಸುತ್ತಿ, ಬಾಗಿಲ ಹಿಂದೆ ಅದೇ ಮೂಲೆಗೆ ಒರಗಿಸಿ ಇಡಿ. ಬೆಳಿಗ್ಗೆ ಆರೂ ನಲವತ್ತಕ್ಕೆ ಅದು ಬೇಕು.